ಲಾಗ್ ಬುಕ್ಕಿನಲ್ಲಿ ಕೋಲಾರ

ಅಜ್ಜ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿದ್ದರು ಎಂದಷ್ಟೇ ಗೊತ್ತಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಬ್ರಿಟನ್ನಿನಲ್ಲಿರಬಹುದು, ಕೆನಡಾದಲ್ಲಿರಬಹುದು. ಅಜ್ಜಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ನೀಲಿ ರಟ್ಟಿನ ಲಾಗ್ ಬುಕ್ ಸಿಗುತ್ತದೆ. ಮೊದಲ ಪುಟಗಳಲ್ಲಿ ಕೆನಡಾದ ತರಬೇತಿ ಕೇಂದ್ರಗಳು, ಆಮೇಲೆ ಒಂದೆರಡು ತಿಂಗಳು ಏನೂ ಇಲ್ಲ. ಅದು ಹಡಗಿನ ಕಾಲ. ಮತ್ತೆ ಬರವಣಿಗೆ ಶುರುವಾಗುವುದು ಯಾರಿಗೂ ಪರಿಚಯವಿಲ್ಲದ ಒಂದು ಹೆಸರಿನಿಂದ: ಕೋಲಾರ.

ನಾನು ಕೋಲಾರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು, ಈಗ ಕೆಲವು ವರ್ಷಗಳಿಂದ ಇಂಗ್ಲೆಂಡಿನಲ್ಲಿರುವುದರಿಂದ ಈ ಹೆಸರಿನ ದೆಸೆಯಿಂದ ನನ್ನನ್ನು ಹುಡುಕಿಕೊಂಡು ಬಂದವರು ನನ್ನ ಸಹೋದ್ಯೋಗಿಯೊಬ್ಬರು. ಅವರ ತಾಯಿಯ ತಂದೆ ಲಿಬರೇಟರ್ ವಿಮಾನದ ಬಾಲದಲ್ಲಿ ಕೂರುವ ಗನ್ನರ್. ಮನೆಯಲ್ಲಿ ಅವರು ಯುದ್ಧದ ಸುದ್ದಿ ಎತ್ತಿದ್ದೇ ಇಲ್ಲವಂತೆ. ಇಂಡಿಯಾ ಬಗ್ಗೆ ಕೇಳಿದರೆ ಸೆಖೆ ಮತ್ತು ಮಾವಿನಹಣ್ಣು, ಎರಡೇ ಮಾತು. ಸಹೋದ್ಯೋಗಿಗೆ ಗೂಗಲ್‌ನಲ್ಲಿ ಕೋಲಾರ ಎಂದು ಹುಡುಕಿದರೆ ಬರೀ ಚಿನ್ನದ ಗಣಿ ಸಿಕ್ಕಿತ್ತು. ಅಜ್ಜ ಗಣಿ ಕಾಯುತ್ತಿದ್ದರೇ ಎಂದು ಕೇಳಿದರು. ಕೋಲಾರವೇ ಬೇರೆ, ಕೆಜಿಎಫ್ಫೇ ಬೇರೆ ಎಂಬಲ್ಲಿಂದ ನಮ್ಮ ಮಾತು ಆರಂಭವಾಯಿತು. ಆಮೇಲೆ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲಾಗಾರಕ್ಕೆ ಅವರ ಜೊತೆ ನಾನೂ ಹಲವು ಶನಿವಾರ ಹೋದೆ. ಅಲ್ಲಿ ಓದಿದ್ದರ, ಅದರ ಸುತ್ತ ಓದಬೇಕಾಗಿ ಬಂದಿದ್ದರ ಲೆಕ್ಕ ಈ ಬರಹ.

ನಮ್ಮ ಕಡೆಯವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇದು. 1944ರಲ್ಲಿ ಕೋಲಾರ ಬ್ರಿಟಿಷ್ ರಾಯಲ್ ಏರ್ ಫೋರ್ಸಿನ ದೊಡ್ಡ ಬಾಂಬರುಗಳ ಪಾಠಶಾಲೆ. 1673 ನಂಬರಿನ ಹೆವಿ ಕನ್ವರ್ಷನ್ ಯೂನಿಟ್ ಅಲ್ಲಿತ್ತು. ಎರಡು ಎಂಜಿನ್ನಿನ ವೆಲಿಂಗ್ಟನ್ ಹಾರಿಸಿ ಪಳಗಿದವರಿಗೆ ನಾಲ್ಕು ಎಂಜಿನ್ನಿನ ಅಮೆರಿಕನ್ ಲಿಬರೇಟರ್ ಹಾರಿಸುವುದನ್ನು ಕಲಿಸುವುದು ಅದರ ಕೆಲಸ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 110 ಅಡಿ, ತುಂಬಿದಾಗ ಸುಮಾರು 29 ಟನ್ ತೂಕ. 215ನೇ ಸ್ಕ್ವಾಡ್ರನ್ ಆ ವರ್ಷ ವೆಲಿಂಗ್ಟನ್ ಬಿಟ್ಟು ಲಿಬರೇಟರಿಗೆ ಬದಲಾದದ್ದು ಕೋಲಾರದಲ್ಲಿ. 358ನೇ ಸ್ಕ್ವಾಡ್ರನ್ ಹುಟ್ಟಿದ್ದೇ ಕೋಲಾರದಲ್ಲಿ, 1944ರ ನವೆಂಬರ್ 8ರಂದು. ಮರುವರ್ಷ ಜನವರಿಯಲ್ಲಿ ಬಂಗಾಳಕ್ಕೆ ಹೋಗಿ, ಒಂದೇ ಒಂದು ಸಲ ಬಾಂಬ್ ಹಾಕಿ, ಆಮೇಲೆ ಪೂರ್ತಿಯಾಗಿ ಗುಪ್ತ ಕೆಲಸಕ್ಕೆ ತಿರುಗಿತು. ಬರ್ಮಾ, ಸಯಾಮ್, ಇಂಡೋಚೀನಾಗಳ ಕಾಡಿನಲ್ಲಿ ಗೂಢಚಾರರನ್ನೂ ಸಾಮಾನುಗಳನ್ನೂ ಪ್ಯಾರಾಚೂಟಿನಲ್ಲಿ ಇಳಿಸುವ ಕೆಲಸ. ಅಜ್ಜ ಬಾಂಬ್ ಹಾಕುತ್ತಿದ್ದರು ಎಂದು ಎರಡು ತಲೆಮಾರು ನಂಬಿದ ಮನೆಯವರಿಗೆ ಇದು ಗೊತ್ತಾದಾಗ ಕೆಲವರಿಗೆ ನಿರಾಸೆ, ಕೆಲವರಿಗೆ ಎಂಥದೋ ಬಿಡುಗಡೆ.

ಕೋಲಾರಕ್ಕೆ ಅವರು ತಲುಪುತ್ತಿದ್ದ ದಾರಿಯೂ ಚೆನ್ನಾಗಿದೆ. ಕೆನಡಾದ ಪಶ್ಚಿಮ ತೀರದಲ್ಲಿ ಬೌಂಡರಿ ಬೇ ಎಂಬಲ್ಲಿ ಲಿಬರೇಟರ್ ತಂಡಗಳನ್ನು ಕಟ್ಟಿ ಪೂರ್ವಕ್ಕೆ ಕಳಿಸುತ್ತಿದ್ದರು. ಹಡಗಿನಲ್ಲಿ ಬೊಂಬಾಯಿ, ವರ್ಲಿಯ ಶಿಬಿರದಲ್ಲಿ ಕಾಯುವುದು, ಆಮೇಲೆ ರೈಲು. ಆ ಕಾಲದ ಕಾಗದದಲ್ಲಿ ಬೌರಿಂಗ್‌ಪೇಟ್ ಎಂದು ಕಂಡರೆ ಮೊಮ್ಮಕ್ಕಳು ಭೂಪಟದಲ್ಲಿ ಹುಡುಕಿ ಸುಸ್ತಾಗುತ್ತಾರೆ. ಅದು ನಮ್ಮ ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು. ಅಲ್ಲಿಂದ ಕೋಲಾರಕ್ಕೆ ಆಗ ಇದ್ದದ್ದು ನ್ಯಾರೋಗೇಜ್ ಗಾಡಿ. ಚಿಂತಾಮಣಿ, ಚಿಕ್ಕಬಳ್ಳಾಪುರಕ್ಕೆ ಹೋಗುವ ಆ ಪುಟ್ಟ ರೈಲಿನಲ್ಲಿ ಕೂತವರಿಗೆ ಅದು ಗೊತ್ತು: ಓಡುವ ರೈಲಿನಿಂದ ಇಳಿದು ಹತ್ತಬಹುದು ಎಂಬಷ್ಟು ನಿಧಾನ. ಜಗತ್ತಿನ ಅತಿ ದೂರ ಹಾರುವ ಬಾಂಬರುಗಳಲ್ಲಿ ಒಂದನ್ನು ಕಲಿಯಲು ಬಂದವರಿಗೆ ಈ ರೈಲಿನ ದರ್ಶನವೂ ಆಗಿರಬೇಕು ಎಂದು ನನಗೆ ಒಳಗೊಳಗೇ ಖುಷಿ.

ಲಾಗ್ ಬುಕ್ ಓದುವುದಕ್ಕೂ ಒಂದು ಅಭ್ಯಾಸ ಬೇಕು. ದಿನಾಂಕ, ಹೊರಟ ಹೊತ್ತು, ವಿಮಾನದ ನಂಬರು, ಪೈಲಟ್ ಹೆಸರು, ತನ್ನ ಕೆಲಸ, ನಾಲ್ಕು ಪದದ ಷರಾ, ಹಾರಿದ ಗಂಟೆ. ರಾತ್ರಿಯ ಹಾರಾಟವನ್ನು ಕೆಂಪು ಶಾಯಿಯಲ್ಲಿ ಬರೆಯುವ ವಾಡಿಕೆ. ತಿಂಗಳ ಕೊನೆಗೆ ಒಟ್ಟು ಹಾಕಿ ಮೇಲಧಿಕಾರಿಯ ರುಜು. ಅಷ್ಟೇ. ಹದಿನಾಲ್ಕು ಗಂಟೆ ಸಮುದ್ರದ ಮೇಲೆ ಹಾರಿ ಬಂದವನೂ ‘ಕಾರ್ಯಾಚರಣೆ, ರಂಗೂನ್’ ಎಂದಷ್ಟೇ ಬರೆದಿರುತ್ತಾನೆ. ನಮ್ಮ ಶಾನುಭೋಗರ ಖಾತೆಯ ಹಾಗೆ. ಹೆದರಿಕೆಗೆ ಅಲ್ಲಿ ಕಾಲಂ ಇಲ್ಲ.

ಆದ್ದರಿಂದ ಎರಡನೆಯ ದಾಖಲೆ ಬೇಕಾಗುತ್ತದೆ. ಪ್ರತಿ ಸ್ಕ್ವಾಡ್ರನ್ನೂ ಆಪರೇಷನ್ಸ್ ರೆಕಾರ್ಡ್ ಬುಕ್ ಎಂಬ ದಿನಚರಿ ಇಡಬೇಕಿತ್ತು. ಫಾರ್ಮ್ 540ರಲ್ಲಿ ಸ್ಕ್ವಾಡ್ರನ್ನಿನ ದಿನದ ಸಾರಾಂಶ. ಫಾರ್ಮ್ 541ರಲ್ಲಿ ಅಂದು ಹಾರಿದ ಒಂದೊಂದು ವಿಮಾನದ ವಿವರ, ಅದರಲ್ಲಿದ್ದ ಪ್ರತಿಯೊಬ್ಬನ ಹೆಸರು, ಏರಿದ ಹೊತ್ತು, ಇಳಿದ ಹೊತ್ತು. ಕ್ಯೂ ದಾಖಲಾಗಾರದಲ್ಲಿ ಸ್ಕ್ವಾಡ್ರನ್ನುಗಳದ್ದು ‘ಏರ್ 27’ ಎಂಬ ಸರಣಿ, ತರಬೇತಿ ಘಟಕಗಳಂಥವು ‘ಏರ್ 29’. ಕೋಲಾರದ್ದನ್ನು ಹುಡುಕುವವರು ಎರಡನೆಯದಕ್ಕೆ ಹೋಗಬೇಕು. ಇಳಿದ ಹೊತ್ತಿನ ಕಾಲಂ ಖಾಲಿ ಇದ್ದರೆ ಮುಂದೆ ಏನೂ ಓದಬೇಕಾಗಿಲ್ಲ. ಆ ಪುಟಗಳನ್ನು ಟೈಪ್ ಮಾಡುತ್ತಿದ್ದ ಗುಮಾಸ್ತನ ಮೇಲೆ ನನಗೆ ಬಹಳ ಗೌರವ ಬಂತು. ಒಬ್ಬ ಶಿಸ್ತಿನವನಿದ್ದರೆ ಎಂಬತ್ತು ವರ್ಷದ ಮೇಲೆ ಒಂದು ಸಂಸಾರಕ್ಕೆ ಅಜ್ಜ ಸಿಗುತ್ತಾರೆ. ಸೋಮಾರಿಯಾಗಿದ್ದರೆ ‘ಹತ್ತು ವಿಮಾನ ಹೋದವು, ಹತ್ತೂ ಬಂದವು’ ಎಂಬ ಒಂದು ಸಾಲು ಸಿಗುತ್ತದೆ.

ಇಲ್ಲೊಂದು ವಿಚಿತ್ರವಿದೆ. ಸತ್ತವರನ್ನು ಹುಡುಕುವುದು ಸುಲಭ, ಬದುಕಿ ಬಂದವರನ್ನು ಹುಡುಕುವುದು ಕಷ್ಟ. ಯುದ್ಧದಲ್ಲಿ ಮಡಿದವರಿಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಿದೆ. ಆಸ್ಟ್ರೇಲಿಯಾದ ವಾಯುಪಡೆಯವರಾದರೆ ಅಲ್ಲಿನ ರಾಷ್ಟ್ರೀಯ ದಾಖಲಾಗಾರದ ‘ಎ705’ ಸರಣಿಯಲ್ಲಿ ಅಪಘಾತ, ವಿಚಾರಣೆ, ತಾಯಿಯ ಪತ್ರ ಎಲ್ಲ ಒಂದೇ ಕಡತದಲ್ಲಿ. ಕೆನಡಾ ತನ್ನ ಮೃತ ಯೋಧರ ಕಡತಗಳನ್ನು ಡಿಜಿಟಲ್ ಮಾಡಿಟ್ಟಿದೆ. ಯುದ್ಧ ಮುಗಿಸಿ ಊರಿಗೆ ಬಂದು ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ಸತ್ತವನಿಗೆ ಇದೊಂದೂ ಇಲ್ಲ. ಮನೆಯವರು ಸಂಬಂಧದ ಪುರಾವೆ, ಮರಣ ಪ್ರಮಾಣಪತ್ರ ಕೊಟ್ಟು ಅರ್ಜಿ ಹಾಕಿ ಸೇವಾ ದಾಖಲೆ ತರಿಸಬೇಕು. ಬಂದರೂ ಅದು ವರ್ಗಾವಣೆ, ಬಡ್ತಿ, ಆಸ್ಪತ್ರೆಯ ದಿನಗಳ ಸಂಕ್ಷೇಪಾಕ್ಷರಗಳ ಒಂದು ಹಾಳೆ. ನನ್ನ ಸಹೋದ್ಯೋಗಿಯ ಅಜ್ಜ ಈ ಎರಡನೆಯ ಗುಂಪು. ಹುಡುಕಾಟದ ನಡುವೆ ಅವರು ಒಮ್ಮೆ ಅಂದದ್ದು ನೆನಪಿದೆ: ಅಜ್ಜ ಸತ್ತಿದ್ದರೆ ಅವರ ಬಗ್ಗೆ ಇದಕ್ಕಿಂತ ಹೆಚ್ಚು ತಿಳಿಯುತ್ತಿತ್ತು, ಆದರೆ ತಿಳಿಯಲು ನಾನೇ ಇರುತ್ತಿರಲಿಲ್ಲ.

ಯುರೋಪಿನ ಬಾಂಬರ್ ಕಮಾಂಡ್ ಬಗ್ಗೆ ಎರಡು ಮಾತು ಹೇಳದಿದ್ದರೆ ಪೂರ್ವದ ಕಥೆ ಅರ್ಥವಾಗುವುದಿಲ್ಲ. ಅದರಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಸತ್ತರು. ಇಬ್ಬರಲ್ಲಿ ಒಬ್ಬನಿಗೆ ತೀರಾ ಸಮೀಪ. ಇವರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಶತ್ರುವಿನ ಗುಂಡಿಗಲ್ಲ, ತರಬೇತಿ ಮತ್ತಿತರ ಅಪಘಾತಗಳಿಗೆ ಬಲಿಯಾದವರು. ಇಷ್ಟಾಗಿಯೂ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಅವರ ಸ್ಮಾರಕ ಎದ್ದದ್ದು 2012ರಲ್ಲಿ. ಜರ್ಮನಿಯ ಊರುಗಳನ್ನು ಸುಟ್ಟ ನೆನಪು ಬ್ರಿಟನ್ನಿಗೂ ಮುಜುಗರದ್ದೇ. ಲಿಂಕನ್ ಪಟ್ಟಣದ ಬಾಂಬರ್ ಕಮಾಂಡ್ ಕೇಂದ್ರದಲ್ಲಿ ಈಗ ಸತ್ತವರೆಲ್ಲರ ಹೆಸರುಗಳ ಗೋಡೆಯಿದೆ, ಮಧ್ಯದ ಗೋಪುರದ ಎತ್ತರ ಲ್ಯಾಂಕಾಸ್ಟರ್ ವಿಮಾನದ ರೆಕ್ಕೆಯಷ್ಟು. ಪೂರ್ವದ ಲಿಬರೇಟರುಗಳು ಆ ಕಮಾಂಡಿಗೆ ಸೇರಿದವಲ್ಲ. ಅವರ ಸಂಖ್ಯೆಯೂ ಕಡಿಮೆ, ಪುಸ್ತಕಗಳೂ ಕಡಿಮೆ. ಬರ್ಮಾದಲ್ಲಿ ಹೋರಾಡಿದ ಹದಿನಾಲ್ಕನೆಯ ಸೈನ್ಯವನ್ನೇ ಮರೆತ ಸೈನ್ಯ ಎಂದು ಕರೆಯುವಾಗ ಅದರ ಮೇಲೆ ಹಾರಿದವರನ್ನು ಕೇಳುವವರಾರು? ಕುಟುಂಬಗಳೇ ಇತಿಹಾಸಕಾರರಾದದ್ದು ಹೀಗೆ.

ಯಾರಾದರೂ ಹಿಂತಿರುಗದಿದ್ದರೆ ಮನೆಗೆ ಮೊದಲು ತಂತಿ ಹೋಗುತ್ತಿತ್ತು: ಕಾಣೆಯಾಗಿದ್ದಾರೆ. ಆಮೇಲೆ ಸ್ಕ್ವಾಡ್ರನ್ನಿನ ಮುಖ್ಯಸ್ಥನ ಪತ್ರ. ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆ ‘ಸರ್ಕಾರಿ ಉದ್ದೇಶಕ್ಕಾಗಿ ಮೃತನೆಂದು ಭಾವಿಸಲಾಗಿದೆ’ ಎಂಬ ಇನ್ನೊಂದು. ಇದರ ನಡುವೆ ವಾಯು ಇಲಾಖೆ ಮಾಡುತ್ತಿದ್ದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಒಂದೇ ವಿಮಾನದಲ್ಲಿದ್ದವರ ಮನೆಗಳ ವಿಳಾಸದ ಪಟ್ಟಿಯನ್ನು ಆ ಎಲ್ಲ ಮನೆಗಳಿಗೂ ಕಳಿಸುತ್ತಿದ್ದರು. ಗ್ಲಾಸ್ಗೋದ ತಾಯಿ ಟೊರಾಂಟೋದ ತಾಯಿಗೆ ಬರೆಯಬಹುದು. ನಿಮಗೇನಾದರೂ ಗೊತ್ತಾಯಿತೇ? ಎಂದೂ ನೋಡದ ಹೆಂಗಸರು ವರ್ಷಗಟ್ಟಲೆ ಪರಸ್ಪರ ಬರೆದುಕೊಂಡರು. ಎಷ್ಟೋ ಕುಟುಂಬಗಳ ಹುಡುಕಾಟದ ಮೊದಲ ಕಡತ ಸರ್ಕಾರದ್ದಲ್ಲ, ಆ ತಾಯಂದಿರು ರಿಬ್ಬನ್ ಕಟ್ಟಿ ಇಟ್ಟ ಪತ್ರಗಳ ಕಟ್ಟು.

ಯುದ್ಧ ಮುಗಿಯುವಾಗ ಸುಮಾರು 42,000 ವಾಯುಪಡೆಯವರು ಕಾಣೆಯಾದವರ ಪಟ್ಟಿಯಲ್ಲಿದ್ದರು. ಅವರನ್ನು ಹುಡುಕಲೆಂದೇ ‘ಮಿಸ್ಸಿಂಗ್ ರಿಸರ್ಚ್ ಅಂಡ್ ಎನ್‌ಕ್ವೈರಿ ಸರ್ವಿಸ್’ ಎಂಬ ವಿಭಾಗವಿತ್ತು. ಜೀಪು ಹಾಕಿಕೊಂಡು ಊರೂರು ಸುತ್ತಿ, ಪಾದ್ರಿಗಳನ್ನೂ ಪೊಲೀಸರನ್ನೂ ರೈತರನ್ನೂ ಕೇಳಿ, ಗೋರಿ ಅಗೆದು, ಅಂಗಿಯ ದೋಬಿ ಗುರುತು, ಉಂಗುರ, ಹಲ್ಲು ನೋಡಿ ಹೆಸರು ಹಚ್ಚುತ್ತಿದ್ದರು. ಯುರೋಪಿನಲ್ಲಿ ಇದು ನಡೆಯಿತು. ಬರ್ಮಾ, ಮಲಯಗಳ ಕಾಡು, ಮಳೆಗಾಲ, ಕೊಲ್ಲಿಯ ನೀರು ಅಷ್ಟು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಬಂಗಾಳ ಕೊಲ್ಲಿಯ ಮುಂಗಾರು ಮೋಡಕ್ಕೆ ಸಿಕ್ಕಿ ಮುರಿದ ವಿಮಾನಕ್ಕೆ ಸಾಕ್ಷಿ ಯಾರು?

ಇಲ್ಲಿ ಮನೆಯವರು ಪದೇ ಪದೇ ಎಡವುವ ಒಂದು ಕಲ್ಲಿದೆ. ಬರ್ಮಾದ ಮೇಲೆ ಸತ್ತ ಎಂದು ಗೊತ್ತಿದ್ದವರು ರಂಗೂನಿನ ಆಚೆ ಟೌಕ್ಯಾನ್‌ನಲ್ಲಿರುವ ಸ್ಮಾರಕದಲ್ಲಿ ಹೆಸರು ಹುಡುಕುತ್ತಾರೆ. ಸಿಗುವುದಿಲ್ಲ, ಏಕೆಂದರೆ ಅದು ಭೂಸೇನೆಯವರದು. ಗೋರಿ ಇಲ್ಲದ ವಾಯುಪಡೆಯವರು, ದಕ್ಷಿಣ ಮತ್ತು ಪೂರ್ವ ಏಷ್ಯಾದಲ್ಲಿ ಎಲ್ಲೇ ಬಿದ್ದಿರಲಿ, ಸಿಂಗಪುರದ ಕ್ರಾಂಜಿ ಗುಡ್ಡದ ಸ್ಮಾರಕದಲ್ಲಿದ್ದಾರೆ. ಅಲ್ಲಿ 24,000ಕ್ಕೂ ಹೆಚ್ಚು ಹೆಸರು. ಹಾಗೆಯೇ ನಮ್ಮ ಸೀಮೆಯಲ್ಲಿ ಸತ್ತವರನ್ನು ಇಲ್ಲೇ ಹುಡುಕಿದರೆ ಪ್ರಯೋಜನ ಕಡಿಮೆ. ದಕ್ಷಿಣ ಮತ್ತು ಪೂರ್ವ ಭಾರತದ ಊರೂರಿನ ಸ್ಮಶಾನಗಳಲ್ಲಿದ್ದ, ನೋಡಿಕೊಳ್ಳುವವರು ಇರಲಾರರು ಎನಿಸಿದ ಯುದ್ಧಗೋರಿಗಳನ್ನು ಎತ್ತಿ ಚೆನ್ನೈನ ನಂದಂಬಾಕ್ಕಂನಲ್ಲಿರುವ ಮದ್ರಾಸ್ ಯುದ್ಧ ಸ್ಮಶಾನಕ್ಕೆ ಸಾಗಿಸಿದರು. ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲೇ ಸಿಗುವ ಜಾಗ. ಹುಲ್ಲು ಕತ್ತರಿಸಿ ಅಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದಾರೆ.

ಬೀಳುವಾಗ ಬದುಕಿ ಉಳಿದವರು ರಂಗೂನ್ ಸೆಂಟ್ರಲ್ ಜೈಲಿಗೆ ಹೋದರು. ಜಪಾನಿಯರು ವಿಮಾನದವರನ್ನು ಯುದ್ಧಕೈದಿಗಳೆಂದು ಎಣಿಸದೆ ಅಪರಾಧಿಗಳ ಹಾಗೆ ಒಂಟಿ ಕೋಣೆಗಳಲ್ಲಿ ಇಡುತ್ತಿದ್ದರು. 1945ರ ಏಪ್ರಿಲ್ ಕೊನೆಗೆ ಕಾವಲುಗಾರರು ರಾತ್ರೋರಾತ್ರಿ ಜಾಗ ಖಾಲಿ ಮಾಡಿದಾಗ, ತಮ್ಮವರೇ ಬಂದು ಬಾಂಬ್ ಹಾಕಿಯಾರು ಎಂಬ ಭಯಕ್ಕೆ ಕೈದಿಗಳು ಚಾವಣಿಯ ಮೇಲೆ ದೊಡ್ಡ ಅಕ್ಷರದಲ್ಲಿ ಜಪಾನಿಯರು ಹೋದರು ಎಂದು ಬರೆದರು. ಮೇಲಿದ್ದವರು ಇದು ಮೋಸವಿರಬಹುದು ಎಂದು ನಂಬಲಿಲ್ಲ. ಆಗ ಇನ್ನೊಂದು ಚಾವಣಿಯ ಮೇಲೆ ವಾಯುಪಡೆಯವರಷ್ಟೇ ಆಡುವ ಒಂದು ಒರಟು ಮಾತು ಬರೆದರು, ಬೇಗ ಬನ್ರೋ ಎಂಬರ್ಥದ್ದು. ಬೈಗುಳವೇ ಗುರುತಿನ ಚೀಟಿ! ಕೈದಿಗಳ ಮುಂದಾಳಾಗಿದ್ದ ಆಸ್ಟ್ರೇಲಿಯಾದ ವಿಂಗ್ ಕಮಾಂಡರ್ ಲಯನೆಲ್ ಹಡ್ಸನ್ ಇದರ ಬಗ್ಗೆ ಮುಂದೆ ಪುಸ್ತಕವನ್ನೇ ಬರೆದರು.

ಎಲ್ಲ ಕಡತವೂ ಹೀಗೆ ನಗಿಸುವುದಿಲ್ಲ. 159ನೇ ಸ್ಕ್ವಾಡ್ರನ್ನಿನ ಒಂದು ಲಿಬರೇಟರ್ 1945ರ ಜನವರಿ 31ರಂದು ಬರ್ಮಾದಲ್ಲಿ ಬಿತ್ತು. ಆರು ಮಂದಿ ಸೆರೆಸಿಕ್ಕರು. ಅವರಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದ ಫ್ಲೈಟ್ ಸಾರ್ಜೆಂಟ್ ಸ್ಟ್ಯಾನ್ಲಿ ವುಡ್‌ಬ್ರಿಜ್ ಮೇಲೆ ಜಪಾನಿಯರ ಕಣ್ಣು. ರೇಡಿಯೋ ಉಪಕರಣ, ಸಂಕೇತಗಳ ಮಾಹಿತಿ ಅವನಿಂದಲೇ ಬರಬೇಕು. ಚಿತ್ರಹಿಂಸೆ ಕೊಟ್ಟರು. ಹೇಳಲಿಲ್ಲ. ಫೆಬ್ರವರಿ 7ರಂದು ಅವನ ತಲೆ ಕತ್ತರಿಸಿದರು. ಅವನ ಜೊತೆ ಸಿಕ್ಕವರಲ್ಲಿ ಇನ್ನೂ ಮೂವರಿಗೆ ಅದೇ ಗತಿಯಾಯಿತು. 1948ರಲ್ಲಿ ಅವನಿಗೆ ಜಾರ್ಜ್ ಕ್ರಾಸ್ ಪದಕ ಬಂತು. ಈ ವಿವರ ನಮಗೆ ತಿಳಿದಿರುವುದು ಕೊಂದವರ ವಿಚಾರಣೆ ನಡೆದದ್ದರಿಂದ. ಯುದ್ಧಾಪರಾಧದ ಕಡತಗಳಲ್ಲಿ ಸಾಕ್ಷಿಗಳು ಒಂದೊಂದನ್ನೂ ಹೇಳಿದ್ದಾರೆ. ‘ಕಾರ್ಯಾಚರಣೆಯಲ್ಲಿ ಮಡಿದರು’ ಎಂಬ ಒಂದು ಸಾಲನ್ನು ನಂಬಿ ಬದುಕು ಮುಗಿಸಿದ ಅಕ್ಕತಂಗಿಯರು ಎಷ್ಟೋ ಮನೆಗಳಲ್ಲಿದ್ದರು. ಅವರ ಮೊಮ್ಮಗ ಈಗ ಕಡತದ ಸಂಖ್ಯೆ ಹಿಡಿದು ಹೋಗಿ ಹಾಳೆ ತಿರುವುತ್ತಾನೆ. ಮನೆಗೆ ಬಂದು ಎಷ್ಟು ಹೇಳಬೇಕು ಎಂಬುದು ಅವನ ತಲೆನೋವು. ತೊಂಬತ್ತು ದಾಟಿದ ದೊಡ್ಡಮ್ಮ ಕಾಯುತ್ತಿದ್ದಾಳೆ, ಏನು ಸಿಕ್ಕಿತು ಅಂತ ಕೇಳುತ್ತಾಳೆ. ಇದಕ್ಕೆ ಸರಿಯಾದ ಉತ್ತರವಿದೆ ಎಂದು ನನಗನ್ನಿಸುವುದಿಲ್ಲ. ಸುಳ್ಳು ಹೇಳದೆ, ಕೇಳಿದಷ್ಟೇ ಹೇಳುವುದು ಮೇಲು ಎಂಬ ಕಡೆಗೆ ನಾನು ವಾಲುತ್ತೇನೆ.

ಇನ್ನೊಂದು ಲಿಬರೇಟರ್, ನಂಬರು ಕೆಎಲ್654. 356ನೇ ಸ್ಕ್ವಾಡ್ರನ್ನಿನದು. ಜಪಾನ್ ಶರಣಾದದ್ದು 1945ರ ಆಗಸ್ಟ್ 15ರಂದು. ಈ ವಿಮಾನ ಕೋಕೋಸ್ ದ್ವೀಪದಿಂದ ಹೊರಟು ಮಲಯದಲ್ಲಿ ಸಾಮಾನು ಇಳಿಸಲು ಹೋಗಿ ಬೆಟ್ಟಕ್ಕೆ ಬಡಿದದ್ದು ಆಗಸ್ಟ್ 23ರಂದು. ಎಂಟು ಮಂದಿ. ಊರಿನಲ್ಲಿ ಆಗಲೇ ಬೀದಿ ಬೀದಿಯಲ್ಲಿ ಕುಣಿದು ಮುಗಿದಿತ್ತು. ನೆಗೆರಿ ಸೆಂಬಿಲಾನಿನ ಕಾಡಿನಲ್ಲಿದ್ದ ಅವರ ಅವಶೇಷಗಳನ್ನು ತೆಗೆದು ಕ್ವಾಲಾಲಂಪುರದ ಚೆರಾಸ್ ರಸ್ತೆಯ ಸ್ಮಶಾನದಲ್ಲಿ ಸೇನಾ ಮರ್ಯಾದೆಯೊಡನೆ ಮಣ್ಣು ಮಾಡಿದ್ದು 2012ರ ಅಕ್ಟೋಬರಿನಲ್ಲಿ. ಅರವತ್ತೇಳು ವರ್ಷ. ತಂದೆಯ ಮುಖ ನೋಡದೆ ಹುಟ್ಟಿದ ಮಗು ಅಷ್ಟರಲ್ಲಿ ಪಿಂಚಣಿಗೆ ಬಂದಿರುತ್ತದೆ.

ನನ್ನ ಸಹೋದ್ಯೋಗಿಯ ಅಜ್ಜನ ಪುಸ್ತಕದಲ್ಲಿ ಕೋಲಾರದ ನಂತರ ಬರುವ ಹೆಸರು ದಿಗ್ರಿ. ಬಂಗಾಳದ ಮೇದಿನಿಪುರ ಜಿಲ್ಲೆಯದು. ಅದೇ ಜಿಲ್ಲೆಯ ಸಾಲ್ಬೊನಿ ಇನ್ನೊಂದು ಬಾಂಬರ್ ನೆಲೆ. (ಸಾಲ್ಬೊನಿಯಲ್ಲಿ ಈಗ ನೋಟು ಮುದ್ರಿಸುತ್ತಾರೆ. ನಮ್ಮ ಮೈಸೂರಿನ ನೋಟು ಮುದ್ರಣಾಲಯದ ಜೋಡಿ ಅದು.) ದಿಗ್ರಿಯಿಂದ 1944ರ ಅಕ್ಟೋಬರ್ 27ರಂದು 159ನೇ ಸ್ಕ್ವಾಡ್ರನ್ನಿನ ಹದಿನೈದು ಲಿಬರೇಟರುಗಳು ಪೆನಾಂಗ್ ಬಂದರಿಗೆ ಹೋಗಿ ನೀರಿನಲ್ಲಿ ಮೈನ್ ಬಿಟ್ಟು ಬಂದವು. ಹೋಗಿ ಬರುವುದು 3,000 ಮೈಲಿಗಿಂತ ಹೆಚ್ಚು. ಹದಿನೈದೂ ಹಿಂತಿರುಗಿದವು. ವಿಂಗ್ ಕಮಾಂಡರ್ ಜೇಮ್ಸ್ ಬ್ಲ್ಯಾಕ್‌ಬರ್ನ್ ಪೆಟ್ರೋಲ್ ಉಳಿಸುವ ಉಪಾಯಗಳನ್ನು ಲೆಕ್ಕ ಹಾಕಿ, ಬೇಡದ ತೂಕ ಇಳಿಸಿ ಇದನ್ನು ಸಾಧಿಸಿದ. ವಾಯುಪಡೆಯ ಇತಿಹಾಸದಲ್ಲಿ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ.

ಆದರೆ ಮೇದಿನಿಪುರ ಎಂದರೆ ನನಗೆ ನೆನಪಾಗುವುದು ಬೇರೆಯೇ. 1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಅಲ್ಲಿ ಭುಗಿಲೆದ್ದಿತ್ತು. ನಮ್ಮ ಈಸೂರಿನವರು ಸ್ವತಂತ್ರ ಎಂದು ಸಾರಿಕೊಂಡ ಹಾಗೆ, ಅಲ್ಲಿನ ತಮ್ಲುಕ್‌ನವರು ತಮ್ಮದೇ ರಾಷ್ಟ್ರೀಯ ಸರ್ಕಾರ ಕಟ್ಟಿದರು. ಅಕ್ಟೋಬರ್ 16ರಂದು ಚಂಡಮಾರುತ ಕರಾವಳಿಯನ್ನು ಕೊಚ್ಚಿತು. ಮರುವರ್ಷ ಬರ. ಬಂಗಾಳದಲ್ಲಿ ಸತ್ತವರ ಸಂಖ್ಯೆ ಸುಮಾರು ಮೂವತ್ತು ಲಕ್ಷ ಎಂದು ಇಂದಿನ ಇತಿಹಾಸಕಾರರು ಎಣಿಸುತ್ತಾರೆ. ಆ ಹಸಿದ ಜಿಲ್ಲೆಯ ನಡುವೆ ಉದ್ದನೆಯ ರನ್‌ವೇಗಳು, ಪೆಟ್ರೋಲ್ ಪೀಪಾಯಿಗಳು, ಮೆಸ್ಸಿನಲ್ಲಿ ಡಬ್ಬಿಯ ಮಾಂಸ. ಇಪ್ಪತ್ತು ವರ್ಷದ ಆ ಹುಡುಗರು ಬರ ತಂದವರಲ್ಲ. ಆದರೆ ಸ್ಟೇಷನ್ನಿನಲ್ಲಿ ಹೆಣ ನೋಡಿದವರು ಅವರಲ್ಲಿ ಬಹಳ ಮಂದಿ ಇದ್ದರು. ಇಂಡಿಯಾ ಎಂದರೆ ಸೆಖೆ ಮತ್ತು ಮಾವಿನಹಣ್ಣು ಎಂದು ಮಾತು ಮುಗಿಸುವವರ ಬಾಯಿ ಕಟ್ಟಿದ್ದು ಬರೀ ಯುದ್ಧವಲ್ಲ ಎಂದು ನನಗೆ ಅನುಮಾನ.

ಕೆಂಪು ಶಾಯಿಯಲ್ಲಿ ನಾಲ್ಕೈದು ಸಲ ಬರುವ ರಂಗೂನ್ ಬಗ್ಗೆ ಸಹೋದ್ಯೋಗಿ ಕೇಳಿದ್ದು ಒಂದೇ ಪ್ರಶ್ನೆ. ಅಲ್ಲಿ ಯಾರಿದ್ದರು? ನಾನು ಇದ್ದದ್ದನ್ನು ಹೇಳಿದೆ. ಯುದ್ಧಕ್ಕೆ ಮುಂಚೆ ರಂಗೂನಿನ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರು. ಹಡಗುಕಟ್ಟೆಯ ತೆಲುಗು ಕೂಲಿಗಳು, ತಮಿಳು ಚೆಟ್ಟಿಯಾರರು, ಬಂಗಾಳಿ ಗುಮಾಸ್ತರು, ಒಡಿಯಾ ಕೆಲಸಗಾರರು. 1941ರ ಡಿಸೆಂಬರ್ 23ರಂದು ಜಪಾನಿ ಬಾಂಬುಗಳು ಬಿದ್ದಾಗ ಲಕ್ಷಗಟ್ಟಲೆ ಜನ ಕಾಡು ಹಾದು ನಡೆದೇ ಭಾರತಕ್ಕೆ ಓಡಿಬಂದರು, ದಾರಿಯಲ್ಲಿ ಸಾವಿರಾರು ಜನ ಸತ್ತರು. ಓಡಲಾಗದವರು ಅಲ್ಲೇ ಉಳಿದರು. ಆಮೇಲೆ ಅವರ ಮೇಲೆ ಬಿದ್ದದ್ದು ಬ್ರಿಟಿಷ್ ಮತ್ತು ಅಮೆರಿಕನ್ ಬಾಂಬು. ಗುರಿ ರೈಲ್ವೆ ಯಾರ್ಡು, ಹಡಗುಕಟ್ಟೆ, ಗೋದಾಮು. ಹಡಗುಕಟ್ಟೆಯ ಪಕ್ಕದಲ್ಲೇ ಹಡಗುಕಟ್ಟೆಯ ಕೂಲಿಯ ಗುಡಿಸಲು. ಎಷ್ಟು ಎತ್ತರದಿಂದ, ಎಂಥ ಮೋಡದ ನಡುವೆ ಬಿಟ್ಟ ಬಾಂಬು ಅದೆಂದು ಲಾಗ್ ಬುಕ್ಕೇ ಹೇಳುತ್ತದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಅಜ್ಜನ ಪರವಾಗಿ ಏನೂ ಅನ್ನಲಿಲ್ಲ, ನಾನೂ ಮುಂದೆ ಹೇಳಲಿಲ್ಲ. ಬಾಲದ ಗನ್ನರ್ ಹಿಂದಕ್ಕೆ ಮುಖ ಮಾಡಿ ಕೂರುತ್ತಾನೆ. ಬಾಂಬ್ ಬಿದ್ದ ಊರು ಉರಿಯುವುದನ್ನು ಇಡೀ ತಂಡದಲ್ಲಿ ಅತಿ ಹೆಚ್ಚು ಹೊತ್ತು ನೋಡುವವನು ಅವನೇ.

ಬೆಂಗಳೂರಿಗೂ ಈ ವಿಮಾನಕ್ಕೂ ನಂಟು ಯುದ್ಧದ ನಂತರ ಇನ್ನೂ ಗಟ್ಟಿಯಾಯಿತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕನ್ ಸೇನೆ ರಿಪೇರಿಗೆ ವಹಿಸಿಕೊಂಡಿತ್ತು. ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯ ಮೇಲೇ ಇಳಿಯುತ್ತಿದ್ದವು. ಇಂದು ನೊರೆಯೇಳುವ ಅದೇ ಕೆರೆ. ಬ್ರಿಟಿಷರು ಹೋಗುವಾಗ ಕಾನ್ಪುರದಲ್ಲಿ ಸಾಲಾಗಿ ನಿಲ್ಲಿಸಿದ್ದ ಲಿಬರೇಟರುಗಳನ್ನು, ಅಮೆರಿಕದ ಜೊತೆಗಿನ ಕರಾರಿನಂತೆ, ಮತ್ತೆ ಹಾರದ ಹಾಗೆ ಜಖಂ ಮಾಡಿ ಬಿಟ್ಟರು. ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಬೆಂಗಳೂರಿನ ಕೆಲಸಗಾರರು ಕಾನ್ಪುರಕ್ಕೆ ಹೋಗಿ ಆ ಗುಜರಿಯನ್ನು ಹಾರುವಷ್ಟು ಸರಿಮಾಡಿದರು. ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ತಂದರು. ಇಲ್ಲಿ ಪೂರ್ತಿ ರಿಪೇರಿಯಾಗಿ 1948ರ ನವೆಂಬರಿನಲ್ಲಿ ಅವುಗಳಿಂದ ಭಾರತದ ಮೊದಲ ಭಾರಿ ಬಾಂಬರ್ ಸ್ಕ್ವಾಡ್ರನ್, ಐದನೆಯದು, ಎದ್ದಿತು. 1968ರವರೆಗೂ ನಮ್ಮ ವಾಯುಪಡೆ ಲಿಬರೇಟರ್ ಹಾರಿಸಿತು. ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಅವು ಕರಗಿ ಪಾತ್ರೆಯಾಗಿದ್ದವು. ಆದ್ದರಿಂದಲೇ ಇವತ್ತು ಒಟ್ಟಾವಾದ ವಿಮಾನ ಸಂಗ್ರಹಾಲಯದಲ್ಲಿ, ಅಮೆರಿಕದ ಪೀಮಾದಲ್ಲಿ, ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ ನಿಂತಿರುವ ಲಿಬರೇಟರುಗಳು ಭಾರತ ಕೊಟ್ಟವು. ಆರ್‌ಎಎಫ್ ಮ್ಯೂಸಿಯಂನದು, ಕೆಎನ್751, ಯುದ್ಧದಲ್ಲಿ 99ನೇ ಸ್ಕ್ವಾಡ್ರನ್ನಿನಲ್ಲಿದ್ದು, ಆಮೇಲೆ ಭಾರತೀಯ ವಾಯುಪಡೆಯದಾಗಿ, 1974ರಲ್ಲಿ ಪುಣೆಯಿಂದ ಇಂಗ್ಲೆಂಡಿಗೆ ಹಾರಿ ಹೋಯಿತು. ಅಜ್ಜ ಕೂತ ಜಾಗ ಹೇಗಿತ್ತೆಂದು ಮೊಮ್ಮಕ್ಕಳು ಹೋಗಿ ಕೈಯಾಡಿಸುವ ಆ ತಗಡಿಗೆ ಮರುಜೀವ ಕೊಟ್ಟದ್ದು ಎಚ್‌ಎಎಲ್‌ನ ಫಿಟ್ಟರುಗಳು, ಬಹುಶಃ ಹಲಸೂರಿನವರು, ಮುರುಗೇಶಪಾಳ್ಯದವರು, ವಿಭೂತಿಪುರದವರು.

ಆ ಫಿಟ್ಟರನ ಮೊಮ್ಮಗಳು ಹುಡುಕಹೊರಟರೆ ಎಲ್ಲಿಗೆ ಹೋಗಬೇಕು? ಇದು ನನ್ನನ್ನು ಕ್ಯೂವಿನ ಆ ತಣ್ಣನೆಯ ಹಾಲ್‌ನಲ್ಲಿ ಕಾಡುತ್ತಿದ್ದ ಪ್ರಶ್ನೆ. ಕೋಲಾರದ ರನ್‌ವೇ ಮಣ್ಣು ಹೊತ್ತವರ, ಶಿಬಿರದಲ್ಲಿ ಅಡಿಗೆ ಮಾಡಿದವರ, ಬಟ್ಟೆ ಒಗೆದವರ ಹೆಸರು ಫಾರ್ಮ್ 540ರಲ್ಲಿಲ್ಲ. ಆ ಅಂಗಿಗಳ ಮೇಲಿನ ದೋಬಿ ಗುರುತಿನಿಂದ ಸತ್ತವರ ಹೆಸರು ಪತ್ತೆಯಾಯಿತು, ಗುರುತು ಹಾಕಿದವನ ಹೆಸರು ಯಾರಿಗೂ ಬೇಕಾಗಲಿಲ್ಲ. ಹಾಗೆಂದು ಏನೂ ಸಿಗುವುದಿಲ್ಲ ಎಂದಲ್ಲ. ಆಗಿನ ಭಾರತೀಯ ವಾಯುಪಡೆಯಲ್ಲಿ, ಸೇನೆಯಲ್ಲಿ ಸತ್ತವರು ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿದ್ದಾರೆ. ಕೆಲವರ ಹೆಸರಿನ ಮುಂದೆ ತಂದೆಯ ಹೆಸರು, ಊರು ಕೂಡ. ಬ್ಯಾಂಗಲೋರ್, ಮೈಸೂರ್, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಆ ಕಾಲದ ಕಾಗುಣಿತದಲ್ಲಿ ಹುಡುಕಬೇಕು. ಬದುಕಿ ಬಂದವರಿಗೆ ಮನೆಯೇ ದಾಖಲಾಗಾರ. ಬಿಡುಗಡೆ ಪತ್ರ, ಕಾರ್ಖಾನೆಯ ಹಿತ್ತಾಳೆ ಟೋಕನ್ನು, ಪಿಂಚಣಿ ಪುಸ್ತಕ, ದಸರಾ ಆಯುಧಪೂಜೆಯ ದಿನ ವಿಮಾನದ ಮುಂದೆ ಸಾಲಾಗಿ ನಿಂತ ಫೋಟೋ. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಏನಾದರೂ ಬರೆದಿದೆಯೇ ಎಂದು ಮೊದಲು ನೋಡಿ. ವಿಮಾನದ ನಂಬರು ಕಾಣುತ್ತಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ, ಎಚ್‌ಇ ಎಂದು ಶುರುವಾಗಿ ಮೂರು ಅಂಕಿಗಳಿದ್ದರೆ ಅದು ಲಿಬರೇಟರ್ ಇದ್ದೀತು. ಕೆಎನ್751ಕ್ಕೆ ನಮ್ಮಲ್ಲಿದ್ದಾಗ ಎಚ್‌ಇ807 ಎಂಬ ಹೆಸರಿತ್ತು.